ಮೋಡಿ ಅಕ್ಷರ, ಅಕ್ಷರದ ಮೋಡಿ

ಕನ್ನಡದಲ್ಲಿ ‘ಮೋಡಿ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಮಾಟ, ಕಣ್ಕಟ್ಟು, ಮರುಳು ಮಾಡುವ ಶಕ್ತಿ ಎಂಬುದು ಒಂದು. ಭಾಷಣಕಾರನೊಬ್ಬ ಸಭೆಗೆ ಮೋಡಿ ಹಾಕಿದ ಎನ್ನುವಾಗ ನಾವು ಈ ಅರ್ಥವನ್ನೇ ಬಳಸುತ್ತೇವೆ. ಅಕ್ಷರಕ್ಕೆ ಅಕ್ಷರ ಸೇರಿಸಿ, ಲೇಖನಿ ಎತ್ತದೆ ಅವಸರದಲ್ಲಿ ಎಳೆಯುವ ಬರವಣಿಗೆ ಎಂಬುದು ಇನ್ನೊಂದು. ಹಿಂದೆ ಶಾನುಭೋಗರ ಲೆಕ್ಕಪತ್ರಗಳು ಈ ಮೋಡಿ ಅಕ್ಷರದಲ್ಲಿರುತ್ತಿದ್ದವು. ಮರಾಠಿ ದಫ್ತರಗಳ ಲಿಪಿಯ ಹೆಸರೂ ಮೋಡಿಯೇ. ಈ ಎರಡು ಮಾತುಗಳ ಮೂಲ ಒಂದೇ ಆಗಿರಬೇಕೆಂದೇನೂ ಇಲ್ಲ. ಆದರೆ ಓದಲು ಬಾರದ ರೈತನ ಪಾಲಿಗೆ ಇವೆರಡರ ನಡುವೆ ಹೆಚ್ಚಿನ ವ್ಯತ್ಯಾಸವಿರಲಿಲ್ಲ. ತನ್ನ ಹೊಲ ಎಷ್ಟು, ಸಾಲ ಎಷ್ಟು, ಕಂದಾಯ ಎಷ್ಟು ಎಂಬುದನ್ನೆಲ್ಲ ಆ ಸುರುಳಿಸುರುಳಿ ಗೆರೆಗಳು ನಿರ್ಧರಿಸುತ್ತಿದ್ದವು. ಅವುಗಳಲ್ಲಿ ಏನಿದೆಯೆಂದು ತಿಳಿಯದೆಯೇ ಅವನು ಹೆಬ್ಬೆಟ್ಟು ಒತ್ತುತ್ತಿದ್ದ.

ಇಂಗ್ಲಿಷಿನಲ್ಲೂ ಇಂತಹದೇ ಒಂದು ಮಾತಿದೆ. ನಮ್ಮ ಮಕ್ಕಳು ಶಾಲೆಯಲ್ಲಿ ಬಾಯಿಪಾಠ ಮಾಡುವ ‘ಸ್ಪೆಲಿಂಗ್’ಗೂ ಮಾಂತ್ರಿಕ ಹಾಕುವ ‘ಸ್ಪೆಲ್’ಗೂ ಬೇರು ಒಂದೇ. ಹಳೆಯ ಇಂಗ್ಲಿಷಿನಲ್ಲಿ ‘ಸ್ಪೆಲ್’ ಎಂದರೆ ಮಾತು, ಕಥೆ, ಸಂದೇಶ. ಸುವಾರ್ತೆ ಎಂಬರ್ಥದ ‘ಗಾಸ್ಪೆಲ್’ ಎಂಬ ಪದದ ಕೊನೆಯಲ್ಲಿರುವುದೂ ಇದೇ ಸ್ಪೆಲ್. ಕಾಲಾಂತರದಲ್ಲಿ ಅದು ಮಂತ್ರಕ್ಕೆ ಹೆಸರಾಯಿತು. ಅದೇ ಜರ್ಮಾನಿಕ್ ಬೇರಿನ ಪದವೊಂದು ಫ್ರೆಂಚ್ ಭಾಷೆಯನ್ನು ಸುತ್ತಿಕೊಂಡು ಬಂದು, ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ಹೇಳುವ ಕ್ರಿಯೆಗೆ ಹೆಸರಾಯಿತು. (ಕ್ರಿಕೆಟ್ ವೀಕ್ಷಕ ವಿವರಣೆಯಲ್ಲಿ ಕೇಳಿಬರುವ ಬೌಲಿಂಗ್ ‘ಸ್ಪೆಲ್’ ಮಾತ್ರ ಬೇರೆ ಮೂಲದ್ದು. ಒಬ್ಬರ ಬದಲಿಗೆ ಇನ್ನೊಬ್ಬರು ಸರದಿಯಲ್ಲಿ ಕೆಲಸಕ್ಕೆ ನಿಲ್ಲುವುದು ಅದರ ಹಿಂದಿನ ಅರ್ಥ.) ಇಷ್ಟೇ ಅಲ್ಲ, ವ್ಯಾಕರಣವನ್ನು ಹೇಳುವ ‘ಗ್ರಾಮರ್’ ಸ್ಕಾಟ್ಲೆಂಡಿನ ಜನರ ಬಾಯಲ್ಲಿ ‘ಗ್ಲಾಮರ್’ ಆಯಿತು. ಇಂದು ಸಿನಿಮಾ ಪುಟಗಳಲ್ಲಿ ಮೆರೆಯುವ ಆ ಪದದ ಮೊದಲ ಅರ್ಥ ಮಾಟ, ಕಣ್ಕಟ್ಟು. ವ್ಯಾಕರಣ ಬಲ್ಲವನಿಗೆ ಮಾಟವೂ ಗೊತ್ತಿರಬೇಕೆಂದು ಅಕ್ಷರವಿಲ್ಲದ ಜನ ನಂಬಿದ್ದರು.

ಈ ಪದಗಳು ಒಂದು ಚರಿತ್ರೆಯನ್ನು ಹೇಳುತ್ತವೆ. ಓದುಬರಹ ಕೆಲವರ ಕೈಯಲ್ಲಿ ಮಾತ್ರ ಇದ್ದಾಗಲೆಲ್ಲ ಅಕ್ಷರ ಮಂತ್ರವಾಗುತ್ತದೆ. ಅದು ಎಲ್ಲರ ಕೈಗೆ ಬಂದಾಗ ಜ್ಞಾನವಾಗುತ್ತದೆ. ಮಂತ್ರದ ಎದುರು ಮನುಷ್ಯ ನಡುಗುತ್ತಾನೆ, ಜ್ಞಾನವನ್ನಾದರೆ ಪ್ರಶ್ನಿಸುತ್ತಾನೆ. ಈ ವ್ಯತ್ಯಾಸವನ್ನು ಅರಿಯಲು ಚರಿತ್ರೆಯ ಕೆಲವು ಪುಟಗಳನ್ನು ತಿರುವಿ ನೋಡಬೇಕು.

ಒಂದು ಸ್ವರದ ತಪ್ಪು

ವೈದಿಕ ಸಾಹಿತ್ಯದಲ್ಲಿ ತ್ವಷ್ಟೃವಿನ ಕಥೆಯೊಂದಿದೆ. ಇಂದ್ರನು ತನ್ನ ಮಗನನ್ನು ಕೊಂದನೆಂಬ ಸಿಟ್ಟಿನಲ್ಲಿ ಅವನು ಯಾಗ ಮಾಡಿ, ಇಂದ್ರನನ್ನು ಕೊಲ್ಲುವ ಒಬ್ಬನು ಹುಟ್ಟಲಿ ಎಂದು ಹಾರೈಸುತ್ತಾನೆ. ಆದರೆ ‘ಇಂದ್ರಶತ್ರು’ ಎಂಬ ಪದವನ್ನು ಉಚ್ಚರಿಸುವಾಗ ಸ್ವರದ ಏರಿಳಿತ ತಪ್ಪುತ್ತದೆ. ಇಂದ್ರನನ್ನು ಕೊಲ್ಲುವವನು ಎಂದಾಗಬೇಕಿದ್ದ ಅರ್ಥ, ಇಂದ್ರನಿಂದ ಕೊಲ್ಲಲ್ಪಡುವವನು ಎಂದಾಗುತ್ತದೆ. ಹುಟ್ಟಿದ ವೃತ್ರನು ಇಂದ್ರನ ಕೈಯಲ್ಲೇ ಸಾಯುತ್ತಾನೆ. ವ್ಯಾಕರಣವನ್ನು ಏಕೆ ಕಲಿಯಬೇಕು ಎಂಬುದಕ್ಕೆ ಪತಂಜಲಿಯ ಮಹಾಭಾಷ್ಯ ಈ ಕಥೆಯನ್ನೇ ದೃಷ್ಟಾಂತವಾಗಿ ಎತ್ತಿಕೊಳ್ಳುತ್ತದೆ.

ಅರಬೀ ಪರಂಪರೆಯಲ್ಲೂ ಇದಕ್ಕೆ ಹೋಲುವ ಪ್ರಸಂಗವೊಂದಿದೆ. ಕುರ್‌ಆನಿನ ಒಂಬತ್ತನೆಯ ಅಧ್ಯಾಯದ ಮೂರನೆಯ ಸೂಕ್ತದಲ್ಲಿ, ಅಲ್ಲಾಹನೂ ಅವನ ಸಂದೇಶವಾಹಕರೂ ಬಹುದೇವಾರಾಧಕರ ಹೊಣೆಯಿಂದ ಮುಕ್ತರು ಎಂಬ ಅರ್ಥದ ಮಾತಿದೆ. ಅದರಲ್ಲಿ ‘ರಸೂಲುಹು’ ಎಂಬುದನ್ನು ಯಾರೋ ‘ರಸೂಲಿಹಿ’ ಎಂದು ಓದಿದರಂತೆ. ಉಕಾರ ಇಕಾರವಾದದ್ದೇ ತಡ, ಅಲ್ಲಾಹನು ತನ್ನ ಸಂದೇಶವಾಹಕರಿಂದಲೇ ದೂರ ಎಂಬ ಘೋರ ಅರ್ಥ ಬಂದುಬಿಟ್ಟಿತು. ಇದನ್ನು ಕೇಳಿ ಬೆಚ್ಚಿದವರು ಬಸ್ರಾದ ವಿದ್ವಾಂಸ ಅಬುಲ್ ಅಸ್ವದ್ ಅದ್ದುಅಲೀ. ಕ್ರಿ.ಶ. ಏಳನೆಯ ಶತಮಾನದ ಆ ವಿದ್ವಾಂಸರು ಬೇರೆ ಬಣ್ಣದ ಶಾಯಿಯಿಂದ ಅಕ್ಷರದ ಮೇಲೆ, ಕೆಳಗೆ, ಮುಂದೆ ಚುಕ್ಕೆಯಿಟ್ಟು ಸ್ವರಗಳನ್ನು ಗುರುತಿಸುವ ಪದ್ಧತಿ ತಂದರು ಎಂದು ಪರಂಪರೆ ಹೇಳುತ್ತದೆ. ಮುಂದಿನ ಶತಮಾನದಲ್ಲಿ ಖಲೀಲ್ ಇಬ್ನ್ ಅಹ್ಮದ್ ಎಂಬ ಇನ್ನೊಬ್ಬ ಪಂಡಿತರು ಅದನ್ನು ಇನ್ನಷ್ಟು ಸುಧಾರಿಸಿದರು. ಇಂದು ಮದ್ರಸಾದ ಪುಟ್ಟ ಮಕ್ಕಳು ಕಲಿಯುವ ಝಬರ್, ಝೇರ್, ಪೇಶ್‌ಗಳ ಹಿಂದೆ ಈ ಚರಿತ್ರೆ ಇದೆ. ಕನ್ನಡದ ತಲೆಕಟ್ಟು, ಗುಡಿಸು, ಕೊಂಬುಗಳ ಕೆಲಸವನ್ನೇ ಅವು ಅರಬೀಯಲ್ಲಿ ಮಾಡುತ್ತವೆ.

ಎರಡೂ ಕಥೆಗಳಲ್ಲಿ ಆತಂಕ ಒಂದೇ. ಪವಿತ್ರ ಮಾತು ಕೆಡಬಾರದು. ಆ ಆತಂಕದಿಂದ ಹುಟ್ಟಿದ ವಿದ್ಯೆಯೂ ದೊಡ್ಡದು. ಭಾರತದ ಶಿಕ್ಷಾಶಾಸ್ತ್ರ ಮತ್ತು ವ್ಯಾಕರಣ ಪ್ರಪಂಚಕ್ಕೇ ಧ್ವನಿವಿಜ್ಞಾನವನ್ನು ಕಲಿಸಿದವು. ಕಂಠದಿಂದ ತುಟಿಯವರೆಗೆ ಕ್ರಮವಾಗಿ ಸಾಗುವ ನಮ್ಮ ಕ, ಚ, ಟ, ತ, ಪ ವರ್ಗಗಳ ಜೋಡಣೆ ಅದರದೇ ಕೊಡುಗೆ. ಆದರೆ ಮಾತನ್ನು ಕಾಯುವ ಹೆಸರಿನಲ್ಲಿ ಮನುಷ್ಯರನ್ನು ಹೊರಗಿಡುವ ಕೆಲಸವೂ ನಡೆಯಿತು. ವೇದವನ್ನು ಆಲಿಸಿದ ಶೂದ್ರನ ಕಿವಿಗೆ ಕಾಯಿಸಿದ ಸೀಸ, ಅರಗು ಹೊಯ್ಯಬೇಕೆಂದೂ, ಉಚ್ಚರಿಸಿದರೆ ನಾಲಗೆ ಕತ್ತರಿಸಬೇಕೆಂದೂ ಗೌತಮ ಧರ್ಮಸೂತ್ರ ವಿಧಿಸಿತು. ತಪ್ಪಾಗದಂತೆ ನೋಡಿಕೊಳ್ಳಲು ಎರಡು ದಾರಿಗಳಿವೆ. ಬಾಗಿಲು ಮುಚ್ಚುವುದು ಒಂದು, ಚುಕ್ಕೆಯಿಟ್ಟು ಎಲ್ಲರಿಗೂ ಓದಲು ಕಲಿಸುವುದು ಇನ್ನೊಂದು.

ಲೇಖನಿಯೂ ತಾವೀಜೂ

ಇಸ್ಲಾಮಿನ ಮೊದಲ ದಿವ್ಯವಾಣಿ ‘ಓದು’ ಎಂಬ ಆಜ್ಞೆಯಿಂದ ಆರಂಭವಾಗುತ್ತದೆ. ಅದೇ ಸೂಕ್ತಗಳಲ್ಲಿ ಲೇಖನಿಯ ಪ್ರಸ್ತಾಪವೂ ಇದೆ. ಕ್ರಿ.ಶ. 624ರಲ್ಲಿ ಬದ್ರ್ ಕದನ ಮುಗಿದಾಗ ಸೆರೆಸಿಕ್ಕಿದವರಲ್ಲಿ ಬಿಡುಗಡೆಯ ಹಣ ಕೊಡಲಾಗದ, ಆದರೆ ಬರೆಯಲು ಬಲ್ಲ ಕೈದಿಗಳಿದ್ದರು. ಅವರು ತಲಾ ಹತ್ತು ಮಂದಿ ಮಕ್ಕಳಿಗೆ ಓದುಬರಹ ಕಲಿಸಿದರೆ ಬಿಡುಗಡೆ ಎಂದು ಪ್ರವಾದಿ ಮುಹಮ್ಮದ್(ಸ) ನಿರ್ಧರಿಸಿದರೆಂದು ಚರಿತ್ರೆ ಗ್ರಂಥಗಳು ದಾಖಲಿಸಿವೆ. ಕಲಿಸಿದವರು ಶತ್ರುಗಳು, ಕಲಿತವರು ಮದೀನಾದ ಮಕ್ಕಳು. ಒಬ್ಬ ಮನುಷ್ಯನ ಸ್ವಾತಂತ್ರ್ಯದ ಬೆಲೆ ಹತ್ತು ಮಕ್ಕಳ ಅಕ್ಷರಾಭ್ಯಾಸ ಎಂಬ ಈ ಲೆಕ್ಕಾಚಾರ ಇಂದಿಗೂ ಬೆರಗು ಹುಟ್ಟಿಸುವಂತಹದು.

ಕುರ್‌ಆನ್ ಮಾಟವನ್ನು ಖಂಡಿಸಿತು. ತಾಯತಗಳನ್ನು ನೇತುಹಾಕಿಕೊಳ್ಳುವುದರ ವಿರುದ್ಧ ಪ್ರವಾದಿವರ್ಯರ(ಸ) ಎಚ್ಚರಿಕೆಗಳು ಹದೀಸ್‌ಗಳಲ್ಲಿವೆ. ಕೆಲವರ ವಾಗ್ಮಿತೆಯಲ್ಲೇ ಮಾಟದಂತಹ ಶಕ್ತಿ ಇರುತ್ತದೆ ಎಂಬ ಅರ್ಥದ ಮಾತನ್ನೂ ಅವರು ಹೇಳಿದ್ದಾರೆ. ಮಾತು ಮರುಳು ಮಾಡಬಲ್ಲದು, ಕೇಳುವವನು ಎಚ್ಚರವಾಗಿರಬೇಕು ಎಂಬ ಸೂಚನೆ ಅದರಲ್ಲಿದೆ.

ಆದರೆ ಇತಿಹಾಸ ನೇರ ದಾರಿಯಲ್ಲಿ ಸಾಗುವುದಿಲ್ಲ. ‘ಓದು’ ಎಂದು ಇಳಿದ ಗ್ರಂಥದ ಸೂಕ್ತಗಳನ್ನೇ ಓದದೆ ಮಡಚಿ, ದಾರ ಸುತ್ತಿ, ತೋಳಿಗೆ ಕಟ್ಟುವ ರೂಢಿ ಬೆಳೆಯಿತು. ‘ತಾವೀಜ್’ ಎಂಬ ಪದ ಹುಟ್ಟಿದ್ದು ಆಶ್ರಯ ಬೇಡುವುದು ಎಂಬರ್ಥದ ಅರಬೀ ಧಾತುವಿನಿಂದ. ಬೇಡಿಕೆಯೇ ವಸ್ತುವಾಗಿ, ವಸ್ತುವೇ ವ್ಯಾಪಾರವಾದದ್ದು ನಮ್ಮೆಲ್ಲರ ಕಣ್ಣ ಮುಂದಿದೆ. ಹದಿನೈದು, ಹದಿನಾರನೆಯ ಶತಮಾನಗಳ ಭಾರತದಲ್ಲಿ ಇಡೀ ಕುರ್‌ಆನನ್ನು ಸೂಕ್ಷ್ಮಾಕ್ಷರಗಳಲ್ಲಿ ಬರೆದ ಅಂಗಿಗಳು ತಯಾರಾಗುತ್ತಿದ್ದವು. ಅಂತಹ ಕೆಲವು ಅಂಗಿಗಳನ್ನು ಇಂದೂ ಲಂಡನ್, ನ್ಯೂಯಾರ್ಕ್‌ಗಳ ವಸ್ತುಸಂಗ್ರಹಾಲಯಗಳಲ್ಲಿ ಕಾಣಬಹುದು.

ಅಕ್ಷರಗಳಿಗೆ ಸಂಖ್ಯೆ ಕೊಡುವ ‘ಅಬ್ಜದ್’ ಪದ್ಧತಿಯೂ ಇಂತಹದೇ ಹಾದಿ ಹಿಡಿಯಿತು. ಅಲಿಫ್‌ಗೆ 1, ಬಾಗೆ 2, ಜೀಮ್‌ಗೆ 3, ದಾಲ್‌ಗೆ 4 ಎಂದು ಸಾಗಿ ಕೊನೆಯ ಅಕ್ಷರಕ್ಕೆ 1000 ಆಗುತ್ತದೆ. ಕವಿಗಳು ಒಂದು ಸಾಲಿನ ಅಕ್ಷರಗಳಲ್ಲೇ ಇಸವಿಯನ್ನು ಅಡಗಿಸಲು ಇದನ್ನು ಬಳಸುತ್ತಿದ್ದರು. ‘ಬಿಸ್ಮಿಲ್ಲಾ’ ವಾಕ್ಯದ ಅಕ್ಷರಗಳನ್ನು ಕೂಡಿದಾಗ ಬರುವ 786 ನಮ್ಮ ಊರುಗಳ ಅಂಗಡಿ ಫಲಕಗಳಲ್ಲೂ ವಾಹನಗಳ ಮೇಲೂ ಕಾಣುತ್ತದೆ. ಕರುಣೆಯನ್ನು ನೆನಪಿಸುವ ವಾಕ್ಯ ಅದೃಷ್ಟದ ಅಂಕಿಯಾಯಿತು.

ಶ್ರೀರಂಗಪಟ್ಟಣದ ಅಕ್ಷರಗಳು

ಅಕ್ಷರದ ಈ ಎರಡು ಮುಖಗಳೂ ಒಬ್ಬನೇ ವ್ಯಕ್ತಿಯಲ್ಲಿ ಕೂಡಿದ್ದನ್ನು ನೋಡಬೇಕಾದರೆ ಶ್ರೀರಂಗಪಟ್ಟಣಕ್ಕೆ ಬರಬೇಕು. ಟಿಪ್ಪು ಸುಲ್ತಾನ್ ತನ್ನ ರಾಜ್ಯಕ್ಕೆ ಹೊಸ ಪಂಚಾಂಗ ತಂದಾಗ ತಿಂಗಳುಗಳ ಹೆಸರುಗಳನ್ನು ಅಬ್ಜದ್ ಲೆಕ್ಕದಂತೆ ಇಟ್ಟ. ಮೊದಲ ತಿಂಗಳು ಅಲಿಫ್‌ನಿಂದ ಅಹ್ಮದಿ, ಎರಡನೆಯದು ಬಾದಿಂದ ಬಹಾರಿ, ಮೂರನೆಯದು ಜೀಮ್‌ನಿಂದ ಜಾಫರಿ. ಹೆಸರು ಕೇಳಿದೊಡನೆ ಅದು ಎಷ್ಟನೆಯ ತಿಂಗಳೆಂದು ತಿಳಿಯಬೇಕು ಎಂಬುದು ಉದ್ದೇಶ. 1787ರ ಹೊತ್ತಿಗೆ ಅವನು ಇದನ್ನೂ ಬದಲಿಸಿದ. ಪ್ರಾಚೀನ ಅಬ್ಜದ್ ಕ್ರಮದ ಬದಲು, ಮಕ್ಕಳು ಕಲಿಯುವ ಅಲಿಫ್, ಬಾ, ತಾ, ಸಾ, ಜೀಮ್ ಕ್ರಮಕ್ಕೆ ಸಂಖ್ಯೆ ಕೊಟ್ಟ. ಜಾಫರಿ ಮೂರನೆಯ ಸ್ಥಾನದಿಂದ ಐದಕ್ಕೆ ಹೋಯಿತು, ಮೂರನೆಯದು ತಾದಿಂದ ತಖಿ ಆಯಿತು. ನಾಣ್ಯಗಳ ಮೇಲಿನ ಇಸವಿಯ ಅಂಕಿಗಳೂ ಬಲದಿಂದ ಎಡಕ್ಕೆ ಓದುವಂತೆ ಬದಲಾದವು. ಹೀಗೆ ಗೂಢ ವಿದ್ಯೆಯೆನಿಸಿದ್ದ ಅಕ್ಷರಸಂಖ್ಯೆ ಆಡಳಿತದ ದಿನನಿತ್ಯದ ಉಪಕರಣವಾಯಿತು.

ಅದೇ ಟಿಪ್ಪು 1799ರ ಮೇ 4ರಂದು ಕೋಟೆಯ ಬಾಗಿಲ ಬಳಿ ಹೋರಾಡುತ್ತಾ ಮಡಿದ. ಹೆಣಗಳ ರಾಶಿಯ ನಡುವೆ ಅವನ ದೇಹ ಸಿಕ್ಕಿದಾಗ ಬಲತೋಳಿನಲ್ಲಿ ಒಂದು ತಾಯತವಿತ್ತು. ಹೂವಿನ ರೇಷ್ಮೆಬಟ್ಟೆಯಲ್ಲಿ ಹೊಲಿದಿದ್ದ ಅದರೊಳಗೆ ಬೆಳ್ಳಿಯ ಬಣ್ಣದ ಲೋಹದ ತುಂಡು ಮತ್ತು ಅರಬೀ, ಫಾರ್ಸಿ ಅಕ್ಷರಗಳಿದ್ದ ಕಾಗದಗಳು ಇದ್ದವೆಂದು ಬ್ರಿಟಿಷ್ ಅಧಿಕಾರಿಗಳು ಬರೆದಿಟ್ಟಿದ್ದಾರೆ. ಕಟ್ಟಿಕೊಂಡ ಅಕ್ಷರಗಳು ಗುಂಡನ್ನು ತಡೆಯಲಿಲ್ಲ. ಆದರೆ ಅವನು ಬರೆಸಿದ ಆಜ್ಞೆಗಳು, ಪತ್ರಗಳು, ತನ್ನ ಕೈಯಾರೆ ದಾಖಲಿಸಿದ ಕನಸುಗಳು ಇಂದಿಗೂ ಉಳಿದು ಅವನ ಕಾಲವನ್ನು ನಮಗೆ ಹೇಳುತ್ತಿವೆ.

ತೋಳಿಗೆ ಕಟ್ಟಿದ ಅಕ್ಷರವೆಲ್ಲ ಮೌಢ್ಯವೆಂದು ಹೇಳಿ ಮುಗಿಸುವುದೂ ಸರಿಯಲ್ಲ. ಟಿಪ್ಪು ಮಡಿದ 36 ವರ್ಷಗಳ ನಂತರ, ದೂರದ ಬ್ರೆಜಿಲ್‌ನ ಬಹಿಯಾ ಪ್ರಾಂತದಲ್ಲಿ ನಡೆದುದನ್ನು ನೋಡಿ. 1835ರ ಜನವರಿಯಲ್ಲಿ, ರಮಝಾನ್ ತಿಂಗಳ ಕೊನೆಗೆ, ಸಾಲ್ವಡೋರ್ ನಗರದಲ್ಲಿ ಆಫ್ರಿಕಾದಿಂದ ತಂದ ಮುಸ್ಲಿಮ್ ಗುಲಾಮರು ದಂಗೆಯೆದ್ದರು. ಸತ್ತವರ, ಸೆರೆಸಿಕ್ಕವರ ಮೈಮೇಲೆ ಅರಬೀ ಬರಹದ ತಾಯತಗಳಿದ್ದವು. ಅವರ ಕೋಣೆಗಳಲ್ಲಿ ಅರಬೀ ಕಲಿಯುವವರ ಅಭ್ಯಾಸದ ಹಾಳೆಗಳು ಸಿಕ್ಕಿದವು. ಆ ಕಾಗದಗಳನ್ನೇ ಪೊಲೀಸರು ಅಪರಾಧದ ಸಾಕ್ಷ್ಯವಾಗಿ ಮುಂದಿಟ್ಟರು. ಓದು ಬಾರದ ಎಷ್ಟೋ ಒಡೆಯರಿಗೆ ಓದುಬಲ್ಲ ಗುಲಾಮ ಎಂಬ ವಿಚಾರವೇ ಭೀತಿ ಹುಟ್ಟಿಸಿತ್ತು. ಅಮೆರಿಕದಲ್ಲೂ ಗುಲಾಮರಿಗೆ ಬರೆಯಲು ಕಲಿಸುವುದನ್ನು ದಕ್ಷಿಣ ಕೆರೊಲಿನಾ 1740ರಲ್ಲೇ ಕಾನೂನಿನ ಮೂಲಕ ನಿಷೇಧಿಸಿತ್ತು. ಅಕ್ಷರದ ಶಕ್ತಿಯನ್ನು ದಬ್ಬಾಳಿಕೆ ನಡೆಸುವವರು ಯಾವತ್ತೂ ಕಡೆಗಣಿಸಿಲ್ಲ.

ಅಕ್ಷರದ ತಕ್ಕಡಿಯಲ್ಲಿ ಜೀವ

ಒಂದು ಅಕ್ಷರದ ಮೇಲೆ ಜೀವ ನಿಂತ ಪ್ರಸಂಗಗಳು ಬೇರೆ ದೇಶಗಳಲ್ಲೂ ಇವೆ. ಬೈಬಲ್‌ನ ನ್ಯಾಯಸ್ಥಾಪಕರು ಎಂಬ ಗ್ರಂಥದಲ್ಲಿ, ಸೋತು ಓಡಿಬರುವ ಎಫ್ರಾಯೀಮ್ ಕುಲದವರನ್ನು ನದಿಯ ದಡದಲ್ಲಿ ತಡೆದು ‘ಶಿಬ್ಬೋಲೆತ್’ ಎನ್ನಿಸಿದ ಕಥೆಯಿದೆ. ಅವರ ಬಾಯಲ್ಲಿ ‘ಶ’ಕಾರ ಹೊರಡದು. ‘ಸಿಬ್ಬೋಲೆತ್’ ಎಂದವರನ್ನೆಲ್ಲ ಅಲ್ಲೇ ಕೊಂದರು, ಸತ್ತವರು 42,000 ಎಂದು ಗ್ರಂಥ ಹೇಳುತ್ತದೆ.

ಇಂಗ್ಲೆಂಡಿನಲ್ಲಿ ಇದರ ಇನ್ನೊಂದು ರೂಪವಿತ್ತು. ಪಾದ್ರಿಗಳಿಗೆ ಮರಣದಂಡನೆಯಿಂದ ವಿನಾಯಿತಿ ಇತ್ತು. ಓದಬಲ್ಲವನೇ ಪಾದ್ರಿ ಎಂದು ನ್ಯಾಯಾಲಯಗಳು ಪರಿಗಣಿಸತೊಡಗಿದವು. ಹಾಗಾಗಿ ಬೈಬಲ್‌ನ 51ನೆಯ ಕೀರ್ತನೆಯ ಮೊದಲ ಸಾಲನ್ನು ಓದಿ ತೋರಿಸಿದರೆ ನೇಣು ತಪ್ಪುತ್ತಿತ್ತು. ಜನ ಅದನ್ನು ‘ಕುತ್ತಿಗೆಯ ಸಾಲು’ ಎಂದೇ ಕರೆದರು. ನಾಟಕಕಾರ ಬೆನ್ ಜಾನ್ಸನ್ 1598ರಲ್ಲಿ ಒಬ್ಬ ನಟನನ್ನು ಕೊಂದ ಆರೋಪದಲ್ಲಿ ಪಾರಾದದ್ದು ಹೀಗೆಯೇ. ಅದೇ ಅಪರಾಧಕ್ಕೆ ಓದು ಬಾರದ ಬಡವ ನೇಣಿಗೇರುತ್ತಿದ್ದ. ಈ ವಿನಾಯಿತಿ ರದ್ದಾದದ್ದು 1827ರಲ್ಲಿ.

ಭಾರತದಲ್ಲಿ ಬ್ರಿಟಿಷ್ ಆಡಳಿತ ಕಾಗದದ ಆಡಳಿತವಾಗಿತ್ತು. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ ಸ್ಥಳೀಯ ಗುತ್ತಿಗೆದಾರನೊಬ್ಬನ ಅಂಗೈಗೆ ಶಾಯಿ ಬಳಿದು ಕರಾರುಪತ್ರದ ಮೇಲೆ ಒತ್ತಿಸಿದ. ಸಹಿ ತನ್ನದಲ್ಲ ಎಂದು ಆತ ಮುಂದೆ ಹೇಳದಂತೆ ಹೆದರಿಸುವುದೇ ತನ್ನ ಉದ್ದೇಶವಾಗಿತ್ತೆಂದು ಹರ್ಷೆಲ್ ನಂತರ ಬರೆದಿದ್ದಾನೆ. ಬೆರಳಚ್ಚು ವಿಜ್ಞಾನದ ಆರಂಭದಲ್ಲೂ ಮಾಂತ್ರಿಕನ ತಂತ್ರದ ನೆರಳಿತ್ತು ಎಂಬುದು ಗಮನಾರ್ಹ. ಕಾಗದ ಮಾತನಾಡಬೇಕು, ಮನುಷ್ಯ ಸುಮ್ಮನಿರಬೇಕು.

ಇಂದಿನ ಮಾಟ

ಈಗ ದೇಶದ ಬಹುಪಾಲು ಜನ ಅಕ್ಷರಸ್ಥರು. ಹಾಗಾದರೆ ಅಕ್ಷರದ ಮೋಡಿ ಬಿಟ್ಟಿತೇ? ಟಿ.ವಿ. ಚಾನೆಲ್‌ಗಳ ಸಂಖ್ಯಾಶಾಸ್ತ್ರಿಗಳನ್ನು ನೋಡಿದರೆ ಹಾಗನ್ನಿಸುವುದಿಲ್ಲ. ಹೆಸರಿನ ಇಂಗ್ಲಿಷ್ ಸ್ಪೆಲಿಂಗಿಗೆ ಒಂದು ‘ಎ’ ಅಥವಾ ‘ಎಚ್’ ಸೇರಿಸಿದರೆ ಭಾಗ್ಯ ತೆರೆಯುತ್ತದೆಂದು ಅವರು ಹೇಳುತ್ತಾರೆ. ಉಳ್ಳವರು ಹಣ ಕೊಟ್ಟು ಅಕ್ಷರ ಕೊಂಡುಕೊಳ್ಳುತ್ತಾರೆ. ಸ್ಪೆಲಿಂಗ್ ಮತ್ತೆ ಸ್ಪೆಲ್ ಆಗಿದೆ.

ಇನ್ನೊಂದೆಡೆ, ಕೇಳದೆಯೇ ಹೆಸರಿಗೆ ಸೇರಿಕೊಂಡ ಅಥವಾ ಕಳೆದುಹೋದ ಅಕ್ಷರದಿಂದ ಬದುಕೇ ಮುಳುಗುವವರಿದ್ದಾರೆ. ಮುಹಮ್ಮದ್ ಎಂಬ ಒಂದೇ ಹೆಸರು ನಮ್ಮ ದಾಖಲೆಗಳಲ್ಲಿ ಮೊಹಮ್ಮದ್, ಮಹಮ್ಮದ್, ಮಹಮದ್, ಎಂಡಿ ಎಂದೆಲ್ಲ ಇರುತ್ತದೆ. ಶೇಖ್ ಎಂಬುದು ಶೇಕ್, ಷೇಕ್ ಆಗುತ್ತದೆ. ಮದುವೆಗೆ ಮೊದಲು ಖಾತೂನ್ ಆಗಿದ್ದಾಕೆ ನಂತರ ಬೀಬಿ, ಬೇಗಮ್ ಆಗುತ್ತಾಳೆ. ಅರಬೀಯ ಹೆಸರು ಉರ್ದುವಿನಲ್ಲಿ ಕರೆಯಲ್ಪಟ್ಟು, ಕನ್ನಡದಲ್ಲಿ ಬರೆಯಲ್ಪಟ್ಟು, ಇಂಗ್ಲಿಷಿನಲ್ಲಿ ಟೈಪಾಗುವಾಗ ಪ್ರತಿ ಹಂತದಲ್ಲೂ ಏನೋ ಒಂದು ಬದಲಾಗುತ್ತದೆ. ಇದು ಮುಸ್ಲಿಮರ ಸಮಸ್ಯೆ ಮಾತ್ರವಲ್ಲ. ಮನೆಯಲ್ಲಿ ಲಕ್ಕಮ್ಮ, ಪಹಣಿಯಲ್ಲಿ ಲಕ್ಷ್ಮಮ್ಮ, ಬ್ಯಾಂಕಿನಲ್ಲಿ ಲಕ್ಷ್ಮೀದೇವಮ್ಮ ಆಗಿರುವ ಮುದುಕಿಗೆ ಪಿಂಚಣಿ ತಡೆಹಿಡಿಯಲು ಇಷ್ಟೇ ಸಾಕು. ಈ ತಪ್ಪುಗಳನ್ನು ಬರೆದದ್ದು ಅವರಲ್ಲ. ಬರೆದದ್ದು ಕಚೇರಿಯ ಗುಮಾಸ್ತ, ಶಾಲೆಯ ದಾಖಲಾತಿ ಪುಸ್ತಕ, ಗಣತಿಗೆ ಬಂದವರು. ಶಿಕ್ಷೆ ಮಾತ್ರ ಹೆಸರು ಹೊತ್ತವರಿಗೆ.

ಇದರ ಅತ್ಯಂತ ಕಠೋರ ರೂಪವನ್ನು ಅಸ್ಸಾಂ ಕಂಡಿತು. ಅಲ್ಲಿನ ರಾಷ್ಟ್ರೀಯ ಪೌರತ್ವ ನೋಂದಣಿಯ ಅಂತಿಮ ಪಟ್ಟಿ 2019ರ ಆಗಸ್ಟ್ 31ರಂದು ಪ್ರಕಟವಾದಾಗ ಸುಮಾರು 3.3 ಕೋಟಿ ಅರ್ಜಿದಾರರಲ್ಲಿ 19,06,657 ಮಂದಿ ಹೊರಗುಳಿದರು. ಅವರಲ್ಲಿ ಹಿಂದೂಗಳೂ ಇದ್ದರು, ಮುಸ್ಲಿಮರೂ ಇದ್ದರು. ಹೊರಗುಳಿಯಲು ಕಾರಣಗಳು ಹಲವು. ಆದರೆ ಅಜ್ಜನ ಹೆಸರು 1951ರ ನೋಂದಣಿಯಲ್ಲಿ ಒಂದು ಬಗೆ, 1971ಕ್ಕೆ ಮೊದಲಿನ ಮತದಾರರ ಪಟ್ಟಿಯಲ್ಲಿ ಇನ್ನೊಂದು ಬಗೆ ಎಂಬುದು ಮತ್ತೆ ಮತ್ತೆ ಕೇಳಿಬಂದ ದೂರು.

ನಲ್ಬಾರಿ ಜಿಲ್ಲೆಯ ಒಬ್ಬ ವ್ಯಕ್ತಿಯನ್ನು ಅಲ್ಲಿನ ನ್ಯಾಯಮಂಡಳಿ ವಿದೇಶಿ ಎಂದು ಘೋಷಿಸಿತ್ತು. ದಾಖಲೆಗಳಲ್ಲಿ ಹೆಸರಿನ ಸ್ಪೆಲಿಂಗ್ ಮತ್ತು ತಾರೀಖುಗಳು ತಾಳೆಯಾಗಲಿಲ್ಲ ಎಂಬುದು ಪ್ರಮುಖ ಕಾರಣ. 2024ರ ಜುಲೈ 11ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದುಪಡಿಸಿ ಆತ ಭಾರತೀಯನೆಂದು ಸಾರಿತು. ಪ್ರಾದೇಶಿಕ ಭಾಷೆಯಲ್ಲೂ ಇಂಗ್ಲಿಷಿನಲ್ಲೂ ಒಂದೇ ಹೆಸರನ್ನು ಬೇರೆಬೇರೆಯಾಗಿ ಬರೆಯುವುದು ಭಾರತದಾದ್ಯಂತ ಸಾಮಾನ್ಯ, ಅಷ್ಟಕ್ಕೇ ಗಂಭೀರ ಪರಿಣಾಮಗಳನ್ನು ಹೇರಲಾಗದು ಎಂದು ನ್ಯಾಯಪೀಠ ಸ್ಪಷ್ಟಪಡಿಸಿತು. ಆದರೆ ಆ ವೇಳೆಗೆ ಆತ ತೀರಿಕೊಂಡು ಎರಡು ವರ್ಷಗಳಿಗೂ ಹೆಚ್ಚಾಗಿತ್ತು ಎಂಬುದು ನಂತರ ಪತ್ರಿಕೆಗಳಲ್ಲಿ ವರದಿಯಾಯಿತು. ಆತ ವಿದೇಶಿ ಎಂಬ ಹಣೆಪಟ್ಟಿಯೊಂದಿಗೇ ಮಣ್ಣು ಸೇರಿದ್ದ. ಹಣೆಬರಹ ಎಂಬ ಕನ್ನಡದ ಮಾತಿಗೆ ಇಲ್ಲಿ ಹೊಸದೊಂದು ಅರ್ಥ ಬಂದಿದೆ. ಈ ಬರಹವನ್ನು ಬರೆದದ್ದು ವಿಧಿಯಲ್ಲ, ಕಚೇರಿ.

ಹಳೆಯ ಮಾಟಕ್ಕೂ ಹೊಸ ಮಾಟಕ್ಕೂ ಪರಿಹಾರ ಒಂದೇ. ಅದು ತಾಯತವಲ್ಲ, ಓದು. ನಮ್ಮ ಜಮಾಅತ್‌ಗಳು, ಸಂಘಸಂಸ್ಥೆಗಳು ವರ್ಷಕ್ಕೊಮ್ಮೆಯಾದರೂ ಬಿಡುವು ಮಾಡಿಕೊಂಡು, ಊರಿನ ಎಲ್ಲರ ದಾಖಲೆಗಳಲ್ಲಿರುವ ಹೆಸರುಗಳನ್ನು ಸಾಲಾಗಿಟ್ಟು ನೋಡಿ, ತಪ್ಪಿದ್ದಲ್ಲಿ ಕಾಲದಲ್ಲಿ ತಿದ್ದಿಸಿಕೊಡುವ ಕೆಲಸ ಕೈಗೊಳ್ಳಬೇಕು. ಓದುಬಲ್ಲ ಹುಡುಗ ಹುಡುಗಿಯರು ನೆರೆಮನೆಯ ಹಿರಿಯರಿಗೆ ಅರ್ಜಿಯನ್ನು ತುಂಬಿಕೊಟ್ಟರೆ ಸಾಲದು, ಅದರಲ್ಲಿ ಏನಿದೆಯೆಂದು ಓದಿ ಹೇಳಬೇಕು. ಜಾತಿ ಧರ್ಮ ನೋಡದೆ ಮಾಡಬೇಕಾದ ಸೇವೆ ಇದು. ಆದರೆ ಹೊರೆಯನ್ನೆಲ್ಲ ಬಡವನ ಮೇಲೆ ಹೊರಿಸಿ ಸರಕಾರ ಕೈತೊಳೆದುಕೊಳ್ಳುವಂತಿಲ್ಲ. ತಾನೇ ಮಾಡಿದ ಕಾಗುಣಿತದ ತಪ್ಪಿಗೆ ಪ್ರಜೆಯನ್ನು ಹೊಣೆಯಾಗಿಸುವ ವ್ಯವಸ್ಥೆ ತನ್ನನ್ನು ಆಧುನಿಕವೆಂದು ಕರೆದುಕೊಳ್ಳಲಾರದು.

ಅಬುಲ್ ಅಸ್ವದ್ ಒಂದು ತಪ್ಪು ಓದು ಕಿವಿಗೆ ಬಿದ್ದಾಗ ಓದಿದವನನ್ನು ಊರ ಹೊರಗೆ ಅಟ್ಟಲಿಲ್ಲ. ಮುಂದೆ ಯಾರೂ ಎಡವದಂತೆ ಅಕ್ಷರಕ್ಕೆ ಚುಕ್ಕೆಯಿಟ್ಟರು. ಹದಿಮೂರು ಶತಮಾನಗಳ ಹಿಂದಿನ ಆ ವಿವೇಕ ನಮ್ಮ ಕಚೇರಿಗಳ ಮೇಜನ್ನು ಇನ್ನೂ ತಲುಪಬೇಕಾಗಿದೆ.